ಮಂಜಿನೂರಿನಿಂದ ಮಾನ್ವಿಗೆ ಬರೆದ ಕಾಗದಗಳು

ನಾನು ಕಣ್ಣಿಂದ ನೋಡದ ಒಂದು ಊರಿಗೆ ‘ಹೋಗಿ ಬರ್ರಿ, ಹೋಗಿ ಬರ್ರಿ’ ಎಂದು ಅರ್ಧ ರಾಯಚೂರಿಗೆ ಹೇಳಿದ್ದೇನೆ. ಜಂಬ ಅನ್ನುತ್ತೀರಾ, ಅನ್ನಿ. ಎಪ್ಪತ್ತರ ದಶಕದಲ್ಲಿ ರಾಯಚೂರಿನಲ್ಲಿ ತೆಗೆಸಿದ ಯಾವುದಾದರೂ ಫೋಟೋ ನಿಮ್ಮ ಮನೆಯಲ್ಲಿದ್ದರೆ ಇಳಿಸಿ ನೋಡಿ. ನಿಮ್ಮ ಹಿರಿಯರ ಬೆನ್ನ ಹಿಂದೆ ಸಮುದ್ರ, ಸಮುದ್ರದ ದಂಡೆಗೆ ನಾಲ್ಕು ಮರದ ಮನೆ, ಆ ಮನೆಗಳ ಹಿಂದೆ ಒಂದು ಬೆಳ್ಳನೆಯ ಗುಡ್ಡ ಇದ್ದರೆ ಅದು ನನ್ನ ಸ್ಟುಡಿಯೋದ ಪರದೆ. ಉಳಿದ ಸ್ಟುಡಿಯೋದವರು ತಾಜಮಹಲು, ಬೃಂದಾವನ ಬರೆಸಿಕೊಂಡು ಕೂತಿದ್ದಾಗ ನಾನು ಬರ್ಫಿನ, ಅಂದರೆ ಮಂಜುಗಡ್ಡೆಯ ಊರು ಬರೆಸಿದ್ದೆ. ಬೇಸಿಗೆಯಲ್ಲಿ ಡಾಂಬರು ಚಪ್ಪಲಿಗೆ ಹತ್ತುವ ಊರಲ್ಲಿ, ನೀವೇ ಹೇಳಿ, ಯಾವುದು ಓಡುತ್ತದೆ?

ಚಿತ್ರ ಬಂದದ್ದು ಒಂದು ಕ್ಯಾಲೆಂಡರಿನಿಂದ. ಹತ್ತಿ ಗಿರಣಿಯ ವ್ಯಾಪಾರಿಯೊಬ್ಬರಿಗೆ ಯಂತ್ರದ ಕಂಪನಿಯವರು ಪರದೇಶದಿಂದ ಕಳಿಸಿದ್ದು. ಹಾಳೆಯ ಕೆಳಗಿನ ಭಾಗ ಹರಿದುಹೋಗಿದ್ದರಿಂದ ಊರಿನ ಹೆಸರು ಯಾರಿಗೂ ಗೊತ್ತಾಗಲಿಲ್ಲ. ಟಾಕೀಸಿಗೆ ಬೋರ್ಡು ಬರೆಯುವ ಪೇಂಟರನ್ನು ಕರೆಸಿ ಅದನ್ನು ಗೋಡೆಯಷ್ಟು ದೊಡ್ಡದಾಗಿ ಬರೆದುಕೊಡು ಎಂದೆ. ಅವನು ಹಾಳೆಯನ್ನು ಉದ್ದಕ್ಕೆ ಅಡ್ಡಕ್ಕೆ ತಿರುಗಿಸಿ ನೋಡಿದ.

“ಈ ಬಿಳೇದು ಏನ್ರಿ?”

“ಬರ್ಫು. ಗುಡ್ಡದ ಮ್ಯಾಲಿಂದ ಇಳದು ಸಮುದ್ರಕ್ಕ ಬರ್ತದ.”

“ಬರ್ಫು ನಡಕೋತ ಬರ್ತದೇನ್ರಿ? ಬೆಳಿಗ್ಗೆದ್ದು ನಾನ ಸಿಕ್ಕೆನೇನ್ರಿ ನಿಮಗ?”

ಪಾಪ, ಅವನು ಬರ್ಫು ನೋಡಿದ್ದು ಶರಬತ್ತಿನ ಗಾಡಿಯಲ್ಲಿ, ಗೋಣಿಚೀಲದ ಕೆಳಗೆ, ಹೊಟ್ಟು ಮೆತ್ತಿಕೊಂಡದ್ದನ್ನು. ಗಂಜಿನ ಮಾರುಕಟ್ಟೆಯಲ್ಲಿ ಸುರಿದ ಹತ್ತಿಯ ರಾಶಿಯನ್ನು ಮಾತ್ರ ಹುಟ್ಟಿದಾಗಿನಿಂದ ನೋಡಿದ್ದ. ಕೈ ಗೊತ್ತಿದ್ದದ್ದನ್ನೇ ಬರೆಯಿತು. ಎರಡು ಕಪ್ಪು ಗುಡ್ಡಗಳ ನಡುವೆ ಈ ವರ್ಷದ ಹತ್ತಿಯನ್ನೆಲ್ಲ ತಂದು ಸುರಿದು, ಅದು ಜಾರಿ ಸಮುದ್ರದೊಳಗೆ ಬೀಳುತ್ತಿರುವ ಹಾಗೆ. ನನಗೆ ಸಿಟ್ಟು ಬರಲಿಲ್ಲ. ಸಮುದ್ರವನ್ನಾದರೂ ನಾನು ಎಲ್ಲಿ ನೋಡಿದ್ದೆ!

ಫೋಟೋಕ್ಕೆ ಕೂತವರು ಬಿಗಿಯಾಗಿ ಕೂರುತ್ತಾರೆ. ಅವರನ್ನು ಸಡಿಲ ಮಾಡಬೇಕಾದರೆ ಬಾಯಿ ಬೇಕು. ಬಾಯಿಯಲ್ಲಿ ನನ್ನನ್ನು ಮೀರಿಸಿದವರು ಆ ರಸ್ತೆಯಲ್ಲಿ ಇರಲಿಲ್ಲ. “ನಾ ಹೋಗಿ ಬಂದೀನಿ ಆ ಊರಿಗೆ” ಎಂದು ಶುರು ಮಾಡುತ್ತಿದ್ದೆ. ಮಟಮಾರಿಯ ಹೊಸ ಗಂಡಹೆಂಡಿರಿಗೆ, “ನೀವು ಹೋಗಬೇಕಾದ ಊರು ಅದು. ಚಳಿ ಎಷ್ಟಂದ್ರ, ಜಗಳಕ್ಕ ಬಾಯಿ ತೆರದ್ರ ಮಾತು ಗಡ್ಡಿ ಕಟ್ಟಿ ತಟಕ್ ಅಂತ ಕೆಳಗ ಬೀಳ್ತದ. ಮರುದಿನ ಬಿಸಲಿಗೆ ಇಟ್ಟು ಕೇಳ್ಕೋಬೇಕು” ಎನ್ನುತ್ತಿದ್ದೆ. ಹುಡುಗಿ ಸೆರಗು ಬಾಯಿಗೆ ಒತ್ತಿಕೊಳ್ಳುವಷ್ಟರಲ್ಲಿ ಕ್ಲಿಕ್. ಮಲ್ಲಟದ ಒಬ್ಬ ಮುದುಕನಿಗೆ ಅಲ್ಲಿ ಎತ್ತು ಇಲ್ಲ, ನಾಯಿಗಳೇ ಬಂಡಿ ಎಳೆಯುತ್ತವೆ ಎಂದಾಗ ಅವನು, “ನಮ್ಮೂರ ನಾಯಿ ತಮ್ಮ ಬಾಲಾನ ಎಳಿಯಂಗಿಲ್ಲಪಾ” ಎಂದು ಬೊಚ್ಚು ಬಾಯಿ ತೆರೆದು ನಕ್ಕ. ಆ ಫೋಟೋ ಬಹಳ ಚೆನ್ನಾಗಿ ಬಂತು. ಬೇಸಿಗೆಯ ಮಧ್ಯಾಹ್ನ ಫೋಟೋ ಬೇಡದವರೂ ಒಳಗೆ ಬಂದು ಪರದೆಯ ಮುಂದೆ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಆ ಕಡೆಯಿಂದ ತಂಪು ಗಾಳಿ ಬಂದ ಹಾಗಾಗುತ್ತದೆ ಎನ್ನುತ್ತಿದ್ದರು. ನಾನು ಹೌದೆನ್ನುತ್ತಿದ್ದೆ.

ಇಷ್ಟು ಹೇಳಿದ ಮೇಲೆ ನಾನು ಎಂಥವನೆಂದು ನಿಮಗೆ ತಿಳಿದಿರಬೇಕು. ನನ್ನ ಹೆಂಡತಿಗೂ ತಿಳಿದಿತ್ತು. ಅವಳು ಮಾನ್ವಿಯವಳು. ನನ್ನ ಕಿತಾಪತಿಗಳಿಗೆ ನಾಲ್ಕು ವರ್ಷ ನಕ್ಕಳು. ಐದನೆಯ ವರ್ಷ ಅವಳ ತಂಗಿಗೆ ದೇವದುರ್ಗದಿಂದ ಸಂಬಂಧ ಬಂತು. ಹುಡುಗಿಯನ್ನು ನೋಡಲು ಬರುವ ಮೊದಲು ಫೋಟೋ ಕಳಿಸಿ ಎಂದರು ಗಂಡಿನ ಕಡೆಯವರು. ಅಳಿಯನೇ ಸ್ಟುಡಿಯೋ ಇಟ್ಟಿರುವಾಗ ಬೇರೆ ಎಲ್ಲಿಗೆ ಹೋಗುತ್ತಾರೆ? ಹುಡುಗಿ ನಮ್ಮ ಮನೆಗೆ ಬಂದಳು, ಕೂತಳು, ನಾನು ತೆಗೆದೆ. ಮುಖದ ಮೇಲಿನ ಮೊಡವೆಯ ಕಲೆಗಳನ್ನು ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ಒಂದೊಂದಾಗಿ ಮುಚ್ಚಿದೆ. ಮೂರು ಪ್ರಿಂಟು ಹಾಕಿದೆ. ನನ್ನ ಕೈಯಿಂದ ಅಷ್ಟು ಒಳ್ಳೆಯ ಕೆಲಸ ಅದಕ್ಕೆ ಮೊದಲು ಬಂದಿರಲಿಲ್ಲ.

ಅಲ್ಲಿಗೇ ಸುಮ್ಮನಿದ್ದಿದ್ದರೆ! ಪೆನ್ಸಿಲು ನೆಗೆಟಿವಿನ ಮೇಲೆ ಆಡಿಸಿದರೆ ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ, ಆದ್ದರಿಂದ ಮೀಸೆ ಬೇಕಾದರೆ ಪ್ರಿಂಟಿನ ಮೇಲೆಯೇ ಸಣ್ಣ ಕುಂಚದಿಂದ ಕಪ್ಪು ಹಚ್ಚಬೇಕು. ಮೂರರಲ್ಲಿ ಒಂದಕ್ಕೆ ಹಚ್ಚಿದೆ. ತುದಿ ತಿರುವಿದ ಹುರಿ ಮೀಸೆ, ಕೂದಲು ಕೂದಲು ಎಣಿಸಬಹುದು, ಹಾಗೆ. ಸಂಜೆ ಅಕ್ಕತಂಗಿಯರಿಗೆ ತೋರಿಸಿ ನಗಿಸೋಣ ಎಂದು ಒಣಗಲು ಇಟ್ಟೆ. ಸಂಜೆ ಯಾರೋ ಗಿರಾಕಿ ಬಂದರು, ಮರೆತೆ. ಮರುದಿನ ಮೂರೂ ಪ್ರಿಂಟುಗಳನ್ನು ಮೂರು ಲಕೋಟೆಗೆ ಹಾಕಿ, ಒಂದನ್ನು ಮಾವನ ಕೈಗೆ ಕೊಟ್ಟೆ. ಅವರು ಅದನ್ನು ತೆರೆಯದೆ ದೇವದುರ್ಗಕ್ಕೆ ಒಯ್ದರು.

ಅಲ್ಲಿ ಗಂಡಿನ ಕಡೆಯ ಹಿರಿಯರೆಲ್ಲ ಜಮಖಾನೆ ಹಾಸಿ ಕೂತಿದ್ದರಂತೆ. ಲಕೋಟೆ ಕೈಯಿಂದ ಕೈಗೆ ಹೋಯಿತಂತೆ. ಕೊನೆಗೆ ಒಬ್ಬರು, “ಯಜಮಾನ್ರ, ನಾವು ಹೆಣ್ಣ ಕೇಳೀವಿ. ನೀವು ಫೌಜದಾರನ್ನ ತಂದೀರಿ” ಎಂದರಂತೆ. ಮಾವ ಮಾನ್ವಿಯ ಹತ್ತಿ ಗಿರಣಿಯಲ್ಲಿ ಜೀವಮಾನವಿಡೀ ತೂಕ ಹಾಕಿದವರು. ಅವರ ತಕ್ಕಡಿಯ ಕಡೆ ಯಾರೂ ಬೆರಳು ತೋರಿಸಿರಲಿಲ್ಲ. ಆ ಜಮಖಾನೆಯಿಂದ ಎದ್ದು ಬಂದವರು ಮೂರು ದಿನ ಊಟ ಮಾಡಲಿಲ್ಲ. ಸಂಬಂಧ ಮುರಿಯಿತು.

ಹೆಂಡತಿ ಟ್ರಂಕು ತುಂಬುತ್ತಿದ್ದಾಗ ನಾನು ನಗಿಸಲು ನೋಡಿದೆ. ಅವಳು ತಲೆ ಎತ್ತಲಿಲ್ಲ.

“ನೀವು ಮಾನ್ವಿಗೆ ಬರ್ರಿ. ಎಲ್ಲಾರ ಮುಂದ ನನ್ನ ತಂಗಿಗೆ ತಪ್ಪಾತು ಅನ್ರಿ. ಅವತ್ತು ನಿಮ್ಮ ಬೆನ್ನಿಂದ ಬರ್ತೀನಿ. ಅಲ್ಲಿತನಕ ಈ ಹೊಸ್ತಿಲ ನನಗ ಬ್ಯಾಡ.”

“ಸಣ್ಣ ಹುಡುಗಿ ಮುಂದ ನಾ ತಪ್ಪಾತು ಅನ್ನಬೇಕೇನು?”

“ಸಣ್ಣ ಹುಡುಗಿಗೇ ಮೀಸಿ ಬರದೀರಲ್ರಿ.”

ನಮ್ಮ ಕಡೆ ತವರಿಗೆ ಹೋದವಳನ್ನು ಗಂಡ ಹೋಗಿಯೇ ಕರೆದುಕೊಂಡು ಬರಬೇಕು. ತಾನಾಗಿ ಬಂದರೆ ಅವಳಿಗೆ ಕೀಳು, ಅವನು ಹೋಗದಿದ್ದರೂ ಅವಳಿಗೇ ಕೀಳು. ಒಂದು ತಿಂಗಳಾಗುತ್ತಲೇ ಬಾವಿಕಟ್ಟೆಯಲ್ಲಿ ‘ಯಾವಾಗ ಬರ್ತಾರ ನಿಮ್ಮನಿಯವರು’ ಎಂದು ಕೇಳಲು ಶುರು ಮಾಡುತ್ತಾರೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋಗಲಿಲ್ಲ. ರಾಯಚೂರಿನಿಂದ ಮಾನ್ವಿ ಬಸ್ಸಿಗೆ ಒಂದೂವರೆ ತಾಸು. ನನ್ನ ಕಾಲಿಗೆ ಅದು ದಾಟಲಾಗದ ಸಮುದ್ರವಾಯಿತು.

ಪಕ್ಕದ ಅಂಗಡಿ ದರ್ಜಿಯದು. ವಯಸ್ಸಾದ ಮನುಷ್ಯ, ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಾನು ಚಾಚಾ ಎನ್ನುತ್ತಿದ್ದೆ. ಖಾನಾವಳಿಯ ಊಟ ಮುಗಿಸಿ ಅವರ ಅಂಗಡಿಯ ಮೆಟ್ಟಿಲ ಮೇಲೆ ಕೂರುವುದು ನನ್ನ ದಿನಚರಿಯಾಯಿತು. ಮನೆಗೆ ಹೋಗಿ ಮಾಡುವುದೇನಿತ್ತು? ಒಂದು ಮಧ್ಯಾಹ್ನ ಹೇಳಿದೆ:

“ಚಾಚಾ, ನಿಮ್ಮ ಹತ್ರ ಯಾರದರ ಉಣ್ಣಿ ಕೋಟು ಅದ ಏನು?”

“ಅದ. ವಕೀಲರದ್ದು. ಈ ಧೂಪಕಾಲದಾಗ ಕೋಟು ಯಾಕ್ ಬೇಟಾ?”

“ಪರದೇಶಕ್ಕ ಹೋಗಾಕತ್ತೀನಿ. ನೀವು ಬಂದು ಕ್ಯಾಮೆರಾದ ಗುಂಡಿ ಒತ್ತಿದ್ರ ಸಾಕು.”

ಚಾಚಾ ಹಲ್ಲಲ್ಲಿದ್ದ ದಾರ ಉಗುಳಿದರು. “ಅರೇ, ಇದೆಲ್ಲಾ ನಕ್ಕೋ ಭಾಯಿ. ಸೀದಾ ಮಾನ್ವಿ ಬಸ್ ಹತ್ತು. ಮಾಫಿ ಕೇಳು. ರೊಟ್ಟಿ ತಿನ್ನು. ಖಲಾಸ್.”

ಹೇಳಿದ್ದು ಸರಿ. ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮೇ ತಿಂಗಳ ನಡು ಮಧ್ಯಾಹ್ನ ವಕೀಲರ ಕೋಟು, ಕೊರಳಿಗೆ ಮಫ್ಲರು, ಕೈಗೆ ಕಾಲುಚೀಲ ಹಾಕಿಕೊಂಡು ಪರದೆಯ ಮುಂದೆ ನಿಂತೆ. ಬೆವರು ಕಿವಿಯಿಂದ ಇಳಿದು ಕೋಟಿನೊಳಗೆ ಹರಿಯುತ್ತಿತ್ತು. ನಾನು ಮಾತ್ರ ಹಲ್ಲು ಕಡಿದುಕೊಂಡು ನಡುಗುವ ಮುಖ ಮಾಡಿದ್ದೆ. ಪ್ರಿಂಟು ಹಾಕಿ, ಹನಿಗಳನ್ನೆಲ್ಲ ತಿದ್ದಿ, ಕಾಗದ ಬರೆದೆ. ದೊಡ್ಡ ಕಂಪನಿಯೊಂದರ ಫೋಟೋ ಕೆಲಸಕ್ಕೆ ಹಡಗಿನಲ್ಲಿ ಈ ಊರಿಗೆ ಬಂದಿದ್ದೇನೆ, ಇಲ್ಲಿಗೆ ನೀನೂ ಬರಬೇಕು, ಅದಕ್ಕೆ ಕಾರಣಗಳಿವೆ, ಕೇಳು. ಇಲ್ಲಿ ನಲ್ಲಿಯ ಮುಂದೆ ಸರದಿ ಇಲ್ಲ, ಕೊಡಲಿ ಹಿಡಿದು ಹೋಗಿ ನೀರನ್ನು ಕಡಿದುಕೊಂಡು ಬರುತ್ತಾರೆ. ಹಾಲು ವಾರವಾದರೂ ಕೆಡುವುದಿಲ್ಲ. ನೊಣ ಇಲ್ಲ, ಚೇಳು ಇಲ್ಲ. ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲವಾದ್ದರಿಂದ ಚಿಮಣಿ ಎಣ್ಣೆಯ ಖರ್ಚಿಲ್ಲ. ಊರಿನ ಹಿಂದೆ ಬರ್ಫಿನ ನದಿಯಿದೆ, ಅದು ಒಡೆದು ಸಮುದ್ರಕ್ಕೆ ಬೀಳುವಾಗ ಗುಡುಗಿದ ಹಾಗಾಗುತ್ತದೆ, ಜನ ಅದನ್ನು ನೋಡಲೆಂದೇ ದೂರದಿಂದ ಬರುತ್ತಾರೆ. ಮನೆಗಳು ನಾಲ್ಕೇ, ಆದ್ದರಿಂದ ಬಾವಿಕಟ್ಟೆಯ ಮಾತಿಲ್ಲ.

ಮಾನ್ವಿ ಬಸ್ಸಿನ ಕಂಡಕ್ಟರ್ ನನ್ನ ಗೆಳೆಯ. ಬೊಂಬಾಯಿಯಿಂದ ಬಂದವರು ಕೊಟ್ಟು ಹೋದರು ಎಂದು ಹೇಳಿ ಮಾವನ ಮನೆಗೆ ಮುಟ್ಟಿಸಿದ.

ನನ್ನ ಲೆಕ್ಕ ಹೀಗಿತ್ತು: ಅವಳು ಗಾಬರಿಯಾಗುತ್ತಾಳೆ, ಅಳುತ್ತಾಳೆ, ಓಡಿ ಬರುತ್ತಾಳೆ. ತಪ್ಪಾತು ಅನ್ನುವ ಮಾತೇ ಬರುವುದಿಲ್ಲ. ಬಂದದ್ದು ಒಂದು ಪೋಸ್ಟ್ ಕಾರ್ಡು, ಅದೂ ದರ್ಜಿ ಅಂಗಡಿಯ ವಿಳಾಸಕ್ಕೆ. ಚಾಚಾ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

“ಚಾಚಾ ಅವರಿಗೆ ಸಲಾಮು. ನಮ್ಮ ಮನಿಯವರು ಇರೂ ಬರ್ಫಿನ ಊರಿಗೆ ಯಾರರ ಹೊಂಟಿದ್ರ ಈ ಮಾತು ಮುಟ್ಟಿಸ್ರಿ. ಅಲ್ಲಿ ಜ್ವಾಳ ಸಿಗತದೇನು, ರೊಟ್ಟಿ ಯಾರು ಬಡೀತಾರ? ಫೋಟೋದಾಗ ಹಿಂದ ಕಾಣೂದು ಹತ್ತಿ ರಾಶಿ ಏನು, ಅದರ ತೂಕ ಯಾರು ಹಾಕ್ತಾರ ಅಂತ ನಮ್ಮಪ್ಪ ಕೇಳಾಕತ್ತಾರ. ಕೋಟು ಒಗದು ವಕೀಲರಿಗೆ ಕೊಡ್ರಿ. ಬೆವರಿನ ಕಲಿ ಹಂಗ ಬಿಟ್ರ ಹೋಗಂಗಿಲ್ಲ.”

ಚಾಚಾ ಕಾರ್ಡು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡರು. “ಬೇಟಾ, ನಿನಗಿಂತ ದೊಡ್ಡ ಉಸ್ತಾದ್ ಇದ್ದಾಳ ಅಕಿ!”

ಆ ಪರದೆಯ ಮುಂದೆ ಎಷ್ಟು ದಿನ ಕಸ ಗುಡಿಸಿದ್ದಳು ಅವಳು. ಕೋಟು ವಕೀಲರದೆಂದು ಹೇಗೆ ತಿಳಿಯಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಮನೆಯಲ್ಲಿ ಅವಳು ಬಾಯಿ ಬಿಟ್ಟಿರಲಿಲ್ಲ. ಮಾವ ನಂಬಿದರು. ಅಳಿಯ ತಪ್ಪು ಮಾಡಿದ, ನಾಚಿಕೆಯಿಂದ ದೇಶ ಬಿಟ್ಟು ಹೋಗಿ ದುಡಿಯುತ್ತಿದ್ದಾನೆ ಎಂದುಕೊಂಡರು. ಫೋಟೋಕ್ಕೆ ಕಟ್ಟು ಹಾಕಿಸಿ ಬಾಗಿಲ ಮೇಲೆ ತೂಗುಹಾಕಿದರು. ದೇವದುರ್ಗದ ಅವಮಾನವಾದ ಮೇಲೆ ಮುಖ ತಗ್ಗಿಸಿ ಓಡಾಡುತ್ತಿದ್ದ ಮನುಷ್ಯ ಈಗ ಸಂಜೆ ಹೊತ್ತು ಕಟ್ಟೆಯ ಮೇಲೆ ಕೂತು ಆ ಊರಿಗೆ ಯಾಕೆ ಹೋಗಬೇಕೆಂಬುದನ್ನು ಓಣಿಯವರಿಗೆ ಹೇಳುತ್ತಿದ್ದರಂತೆ. ಕಂಡಕ್ಟರ್ ಬಂದು ಹೇಳಿದ. ನಗುತ್ತ ಹೇಳಿದ. ನಾನೂ ನಕ್ಕೆ, ಆದರೆ ಬೇಗ ಮುಗಿಯಿತು.

ಮಾನ್ವಿಯ ಜನ ಕೋರ್ಟಿಗೆ, ಗಂಜಿಗೆ ದಿನಾ ರಾಯಚೂರಿಗೆ ಬರುತ್ತಾರೆ. ಸ್ಟುಡಿಯೋದ ಮುಂಬಾಗಿಲಿನ ಹಲಗೆಗಳನ್ನು ಹಾಕಿ ಮುಚ್ಚಿಬಿಟ್ಟೆ. ಗೊತ್ತಿದ್ದ ಗಿರಾಕಿಗಳು ಚಾಚಾನ ಅಂಗಡಿಯ ಹಿಂಬಾಗಿಲಿಂದ ಬರುತ್ತಿದ್ದರು. ಉಳಿದ ಹೊತ್ತು ನಾನು ಗಿರಾಕಿಯ ಸ್ಟೂಲಿನ ಮೇಲೆ ಪರದೆಗೆ ಮುಖ ಮಾಡಿ ಕೂರುತ್ತಿದ್ದೆ. ಅಷ್ಟು ವರ್ಷ ಅದು ಜನರ ಬೆನ್ನ ಹಿಂದೆ ಇದ್ದದ್ದು, ನಾನು ಸರಿಯಾಗಿ ನೋಡಿರಲಿಲ್ಲ. ಪೇಂಟರ್ ಆ ಊರಲ್ಲಿ ಮನೆ ಬರೆದಿದ್ದ, ದೋಣಿ ಬರೆದಿದ್ದ, ಒಂದು ಮನೆಗೆ ಹೊಗೆ ಕೂಡ ಬರೆದಿದ್ದ. ಮನುಷ್ಯರನ್ನು ಬರೆದಿರಲಿಲ್ಲ. ಒಬ್ಬರನ್ನೂ ಬರೆದಿರಲಿಲ್ಲ.

ನನ್ನ ಕಾಗದಗಳು ಬದಲಾದವು. ಮೊದಮೊದಲು ಮಾವನಿಗೆಂದು, ಓಣಿಗೆಂದು ಬರೆಯುತ್ತಿದ್ದೆ: ಮೀನು ದಂಡೆಗೆ ತಾನೇ ಬಂದು ಬೀಳುತ್ತದೆ, ಒಗೆದ ಧೋತರ ಹಗ್ಗವಿಲ್ಲದೆ ನೆಟ್ಟಗೆ ನಿಲ್ಲುತ್ತದೆ. ಆಮೇಲೆ ಅವಳೊಬ್ಬಳಿಗೆ ತಿಳಿಯುವ ಹಾಗೆ ಬರೆಯತೊಡಗಿದೆ. ಇಲ್ಲಿ ಬಹಳ ಸದ್ದಿಲ್ಲ. ಒಲೆ ಹೊತ್ತಿಸಿ ಬಹಳ ದಿನವಾಯಿತು. ನೀನು ಬಿಟ್ಟು ಹೋದ ಎಣ್ಣೆಯ ಬಾಟಲಿ ಹಾಗೇ ಇದೆ. ಈ ಊರಿಗೆ ಯಾಕೆ ಬರಬೇಕೆಂದು ಯಾರಾದರೂ ಕೇಳಿದರೆ, ಇಲ್ಲಿ ಒಬ್ಬನೇ ಇದ್ದಾನೆ, ಅದಕ್ಕೆ, ಅನ್ನು.

ಅದಕ್ಕೆ ಬಂದ ಕಾರ್ಡಿನಲ್ಲಿ ಪ್ರಶ್ನೆಗಳಿರಲಿಲ್ಲ. “ಬಂದ ದಿನ ಮೊದಲು ಮಾನ್ವಿಗೆ ಬರ್ರಿ. ತಂಗಿ ಮುಂದ ನಿಲ್ರಿ. ಇದೊಂದು ಬಿಟ್ಟು ಬ್ಯಾರೆ ಏನೂ ಕೇಳಿಲ್ಲ ನಾ” ಎಂದಿತ್ತು. ನಾಳೆ ಹೋಗುತ್ತೇನೆ ಎಂದುಕೊಂಡೆ. ಮರುದಿನ ಕೋಟಿನ ಗುಂಡಿ ಬಿಗಿದುಕೊಂಡ ಆ ಫೋಟೋ ನೆನಪಾಗುತ್ತಿತ್ತು. ಬಾಗಿಲ ಮೇಲೆ ನಾನೇ ತೂಗಾಡುತ್ತಿರುವಾಗ ಅದರ ಕೆಳಗೆ ತಲೆ ತಗ್ಗಿಸಿ ಹೋಗುವುದು ಹೇಗೆ? ಹೀಗೆ ಮಳೆಗಾಲ ಕಳೆಯಿತು.

ಕಾರ್ತಿಕ ಮುಗಿಯುತ್ತಿದ್ದಂತೆ ತಂಗಿಗೆ ಪೋತ್ನಾಳದ ಹುಡುಗ ಗೊತ್ತಾದ. ಮದುವೆ ಗಂಡಿನ ಊರಲ್ಲಿ. ಇದಕ್ಕಿಂತ ಒಳ್ಳೆಯ ಸಂದರ್ಭ ಇನ್ನಾವುದು! ಮದುವೆ ಮನೆಯ ಗದ್ದಲದಲ್ಲಿ ಹಿರಿಯ ಅಳಿಯ ಬಂದು ನಾಲ್ಕು ಮಾತಾಡಿದರೆ ಯಾರು ಸಿಟ್ಟು ಹಿಡಿಯುತ್ತಾರೆ? ಬಿಳಿ ಜುಬ್ಬ ಹೊಲಿಸಲು ಕೊಟ್ಟೆ. ಚಾಚಾ ಅಳತೆ ತೆಗೆದುಕೊಳ್ಳುತ್ತಿರುವಾಗಲೇ ಕಾರ್ಡು ಬಂತು. ಈ ಸಲ ಚಾಚಾ ಗಟ್ಟಿಯಾಗಿ ಓದಲಿಲ್ಲ. ನನ್ನ ಕೈಗೆ ಕೊಟ್ಟರು.

“ಮದಿವಿಗೆ ನೀವು ಬರಬ್ಯಾಡ್ರಿ. ಗಂಡಿನ ಕಡಿಯವರಿಗೆ ಅಪ್ಪ ನಿಮ್ಮ ಬರ್ಫಿನ ಊರು ಹೇಳ್ಯಾರ. ಮೊದಲ ಸಂಬಂಧ ಮೀಸಿಯಿಂದ ಹೋತು. ಇದು ಹೋಗೂದು ಬ್ಯಾಡ. ಅಕ್ಷತಿ ಬೀಳೂತನಕ ಅಲ್ಲೇ ಇರ್ರಿ.”

ಅಳತೆಯ ಟೇಪು ನನ್ನ ಕೊರಳಲ್ಲೇ ಇತ್ತು. ಚಾಚಾ ಅದನ್ನು ಮೆಲ್ಲಗೆ ತೆಗೆದರು.

ನಾನು ಹೇಳಿದ ಮಾತು ಕೇಳುವವನಲ್ಲ. ಮದುವೆಯ ದಿನ ಬೆಳಿಗ್ಗೆ ತಲೆಗೆ ಟವೆಲು ಸುತ್ತಿಕೊಂಡು ಪೋತ್ನಾಳದ ಬಸ್ಸು ಹತ್ತಿದೆ. ಮಾನ್ವಿಯಲ್ಲಿ ಬಸ್ಸು ನಿಂತಾಗ ತಲೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡೆ. ಪಕ್ಕದವನು ವಾಂತಿಯೇನೋ ಎಂದು ಕಾಲು ಎತ್ತಿಕೊಂಡ. ಪೋತ್ನಾಳದಲ್ಲಿ ಇಳಿದು, ಮದುವೆ ಹಂದರಕ್ಕೆ ಎದುರಾಗಿದ್ದ ಚಹದಂಗಡಿಯ ಹಿಂದಿನ ಬೆಂಚಿನ ಮೇಲೆ ಕೂತೆ. ಭತ್ತ ಕೊಯ್ಯುವ ಕಾಲ, ಗಾಳಿಯ ತುಂಬ ಹುಲ್ಲಿನ ವಾಸನೆ. ಓಲಗ ಕೇಳಿಸುತ್ತಿತ್ತು. ಚಹದಂಗಡಿಯವನು ಮಾತುಗಾರ.

“ಮದಿವಿಗೆ ಬಂದೀರೇನ್ರಿ?”

“ಇಲ್ಲ. ಭತ್ತದ ವ್ಯಾಪಾರಕ್ಕ.”

“ದೊಡ್ಡ ಮಂದಿ ಮದಿವಿರಿ ಅದು. ಹುಡುಗಿ ಅಕ್ಕನ ಗಂಡ ಬರ್ಫಿನ ದೇಶದಾಗ ಇದಾನಂತ. ಆ ಊರಿಗೆ ಮನಷ್ಯಾ ಒಮ್ಮೆರ ಹೋಗಬೇಕಂತರಿ. ಯಾಕಂದ್ರ ಅಲ್ಲಿ ನೀರು ಕೊಡಲಿಲೇ ಕಡೀತಾರಂತ. ಸತ್ತವರು ಕೆಡಂಗಿಲ್ಲಂತ, ನೂರು ವರ್ಷ ಆದ ಮ್ಯಾಲೂ ಮುತ್ಯಾನ ಮುಖ ನೋಡಬೌದಂತ.”

ಸತ್ತವರದು ನಾನು ಬರೆದದ್ದಲ್ಲ. ಮಾವನದೋ, ದಾರಿಯಲ್ಲಿ ಬೇರೆ ಯಾರೋ ಸೇರಿಸಿದ್ದೋ. ನನಗಿಂತ ಚೆನ್ನಾಗಿ ಹೇಳುತ್ತಿದ್ದ ಬಡ್ಡಿಮಗ. ನಾನೇ ಆ ಮನುಷ್ಯ ಎಂದು ಎದ್ದು ನಿಂತು ಹೇಳಬೇಕೆಂದು ನಾಲಿಗೆ ತುರಿಸಿತು. ಚಹಾ ಕುಡಿದು ಅದನ್ನು ಒಳಗೆ ತಳ್ಳಿದೆ.

ಅಕ್ಷತೆ ಬಿತ್ತು, ಊಟಕ್ಕೆ ಪಂಕ್ತಿ ಕೂತಿತು. ಹೆಂಡತಿ ಹಸಿರು ಸೀರೆಯಲ್ಲಿ ಹಂದರದ ತುಂಬ ಓಡಾಡುತ್ತಿದ್ದಳು. ಬಡವಾಗಿದ್ದಳು. ಒಂದು ಸಲ ನಿಂತು ಈ ಕಡೆ ನೋಡಿದಳು. ಟವೆಲು ಮುಂದಕ್ಕೆ ಎಳೆದುಕೊಂಡೆ. ಸ್ವಲ್ಪ ಹೊತ್ತಿಗೆ ನನ್ನ ಮುಂದಿನ ಬೆಂಚಿನ ಮೇಲೆ ಮುತ್ತುಗದ ಎಲೆ ಬಂದು ಕೂತಿತು. ಅದರಲ್ಲಿ ಹೋಳಿಗೆ, ಅನ್ನ.

“ಉಣ್ರಿ. ಬರ್ಫಿನ ಊರಾಗ ಹೋಳಿಗಿ ಸಿಗಂಗಿಲ್ಲ.”

ಚಹದಂಗಡಿಯವನು ಹೊರಗೆ ಬಾನೆಟ್ಟು ತೆರೆದ ಲಾರಿಯವನೊಂದಿಗೆ ಮಾತಿಗಿಳಿದಿದ್ದ. ನಾನು, “ನನ್ನ ಗುರ್ತು ಹ್ಯಾಂಗ ಹಿಡದಿ?” ಎಂದೆ.

“ಟವೆಲ್ ನಮ್ಮನೀದಲ್ಲೇನ್ರಿ?”

“ತಪ್ಪಾತು ನಂದು. ನಡಿ, ಮನಿಗೆ ಹೋಗೂಣು.”

ಅವಳು ಎದುರು ಕೂರಲಿಲ್ಲ. ನಿಂತೇ ಇದ್ದಳು. “ನನಗ ಯಾಕ ಅಂತೀರಿ? ನನಗ ಮೀಸಿ ಬರದೀರೇನು? ದೇವದುರ್ಗದ ಹುಡುಗನ್ನ ಅಕಿ ಒಮ್ಮೆ ಜಾತ್ರ್ಯಾಗ ನೋಡಿದ್ಳು. ಮನಸಿಗೆ ಬಂದಿದ್ದ. ಗೊತ್ತೇನು ನಿಮಗ?”

ಗೊತ್ತಿರಲಿಲ್ಲ.

“ಈ ಹುಡುಗನೂ ಛಲೋ ಇದಾನ. ಅದು ಬ್ಯಾರೆ ಮಾತು.” ಹಂದರದ ಕಡೆ ಒಮ್ಮೆ ನೋಡಿ, “ಇನ್ನೊಂದು ಕೇಳ್ರಿ. ಮೊದಲು ಬಾವಿಕಟ್ಟಿಗೆ ಹೋದ್ರ ಗಂಡ ಯಾಕ ಬರಲಿಲ್ಲ ಅಂತ ಎಲ್ಲಾರೂ ಕೇಳ್ತಿದ್ರು. ನಿಮ್ಮ ಫೋಟೋ ಬಂದಾಗಿಂದ ಯಾರೂ ಕೇಳಂಗಿಲ್ಲ. ಪರದೇಶದಾಗಿನವನ ಹೇಣ್ತಿ ಅಂತ ದಾರಿ ಬಿಡ್ತಾರ. ನೀವು ಬಂದು ಖರೇ ಹೇಳಿದ್ರ ಅದೂ ಹೋಗ್ತದ” ಎಂದಳು.

“ಹಂಗಾರ ಹೇಳೂದು ಬ್ಯಾಡ. ನಾಳೆ ಹಡಗಿನಿಂದ ಇಳದಂಗ ಬರ್ತೀನಿ. ಮಾವನೂ ಖುಷಿ, ನೀನೂ ಖುಷಿ.”

ಆಗ ಅವಳು ನನ್ನನ್ನು ನೋಡಿದ ರೀತಿಯನ್ನು ಬರೆಯಲು ನನಗೆ ಬರುವುದಿಲ್ಲ. ಸಿಟ್ಟಿನದಾಗಿದ್ದರೆ ಬರೆಯುತ್ತಿದ್ದೆ.

“ಹೊಸ ಜೋಡಿನ ಐದನೇ ದಿನ ಮಾನ್ವಿಗೆ ಕರ್ಕೊಂಡು ಬರ್ತಾರ. ಮದಿವಿ ಆಗ್ಯದ, ಈಗ ಮುರಿಯೂದು ಏನೂ ಇಲ್ಲ. ಬರೂದಾದ್ರ ಬರ್ರಿ, ಖರೇ ಹೇಳಾಕ ಬರ್ರಿ. ಇಲ್ಲಂದ್ರ ಅಲ್ಲೇ ಇದ್ದುಬಿಡ್ರಿ, ನಾನೂ ಇಲ್ಲೇ ಇರ್ತೀನಿ.”

ಎಲೆ ಎತ್ತದೆ ಹೋದಳು. ಹೋಳಿಗೆ ತಿಂದೆ. ತಿನ್ನದೆ ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ತಿಂದೆ. ಒಂಬತ್ತು ತಿಂಗಳಾಗಿತ್ತು ಮನೆಯವರ ಕೈ ಊಟ ಮಾಡಿ.

ಐದನೆಯ ದಿನ ಮಾನ್ವಿಯಲ್ಲಿ ಬಸ್ಸಿಳಿದೆ. ಟವೆಲು ಹೆಗಲ ಮೇಲಿತ್ತು. ಓಣಿಯಲ್ಲಿ ಒಬ್ಬರಾದ ಮೇಲೆ ಒಬ್ಬರು ಬಾಗಿಲಿಗೆ ಬಂದರು. ‘ಯಾವಾಗ ಬಂದ್ರಿ, ಚಳಿ ಹ್ಯಾಂಗದ ಅಲ್ಲಿ’ ಎನ್ನುತ್ತ ಕೆಲವರು ನನ್ನ ಹಿಂದೆಯೇ ನಡೆದರು. ಪಡಸಾಲೆಯಲ್ಲಿ ಮಾವ, ಅತ್ತೆ, ಬೀಗರು, ಹೊಸ ಮದುಮಕ್ಕಳು. ಮಾವ ಎದ್ದು ನಿಂತರು. ಅವರ ಮುಖದಲ್ಲಿ ಆಗ ಇದ್ದ ಸಂತೋಷ ನನಗಾಗಿ ಯಾರ ಮುಖದಲ್ಲೂ ಬಂದದ್ದಲ್ಲ.

“ಬಾರಪಾ, ಬಾ! ಹಡಗು ಎಷ್ಟು ದಿನ ತೊಗೊಂತು?”

“ಮಾವಾ, ನಾ ಎಲ್ಲೂ ಹೋಗಿಲ್ರಿ. ರಾಯಚೂರಾಗ ಇದ್ದೆ. ಆ ಊರು ಸ್ಟುಡಿಯೋದಾಗಿನ ಪರದಿ. ಕೋಟು ವಕೀಲರದ್ದು.” ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆ ಎಂದು ಹುಡುಗಿಯ ಕಡೆ ತಿರುಗಿದೆ. “ದೇವದುರ್ಗಕ್ಕ ಹೋದ ಫೋಟೋದಾಗ ಮೀಸಿ ಬರದವನೂ ನಾನ. ನಗಸಾಕ ಬರದಿದ್ದೆ. ತಪ್ಪಾತವ್ವಾ.”

ನಕ್ಕವನು ಹೊಸ ಅಳಿಯನೊಬ್ಬನೇ. ತೊಡೆ ತಟ್ಟಿಕೊಂಡು, “ಮೀಸಿ! ಹುಡುಗಿಗೆ ಮೀಸಿ!” ಎಂದು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ನನ್ನ ತಮಾಷೆಗೆ ಒಬ್ಬರು ನಗುತ್ತಿರುವಾಗ ಸಾಕು ನಿಲ್ಲಿಸಪ್ಪ ಅನ್ನಿಸಿದ್ದು ಜೀವನದಲ್ಲಿ ಅದೊಂದೇ ಸಲ. ಹುಡುಗಿ ನೆಲ ನೋಡುತ್ತ, “ಆತ್ ಬಿಡ್ರಿ. ಊಟ ಮಾಡ್ಕೊಂಡು ಹೋಗ್ರಿ” ಎಂದಳು.

ಮಾವ ಬಾಗಿಲ ಕಡೆ ನೋಡಿದರು. ಅಲ್ಲಿ ಓಣಿಯ ಜನ ಕಾಣುತ್ತಿದ್ದರು. ನನ್ನ ಕಡೆ ತಿರುಗಿ ಕೇಳಿದರು:

“ಬ್ಯಾಸಿಗ್ಯಾಗ ಸೂರ್ಯಾ ಮುಳುಗಂಗಿಲ್ಲ ಅನ್ನೂದು?”

“ಅದು ಖರೇ ಅದ್ರಿ ಮಾವಾ. ಪುಸ್ತಕದಾಗ ಓದೀನಿ. ಬರ್ಫು ಸಮುದ್ರಕ್ಕ ಬೀಳೂದೂ ಖರೇ ಅದ.”

“ಇದ್ರ ಇರವಲ್ದಾಕ. ನಿನ್ನ ಬಾಯಿಂದ ಬಂದ ಮ್ಯಾಲೆ ಅದು ಇನ್ನ ನನಗ ಉಪಯೋಗಿಲ್ಲ.”

ಸ್ಟೂಲು ತರಿಸಿ, ಹತ್ತಿ, ಬಾಗಿಲ ಮೇಲಿನ ಫೋಟೋ ಇಳಿಸಿದರು. ಧೋತರದ ಅಂಚಿನಿಂದ ಧೂಳು ಒರೆಸಿ ನನ್ನ ಕೈಗೆ ಕೊಟ್ಟರು. ಗೋಡೆಯ ಮೇಲೆ ಚೌಕಾಕಾರದ ಸ್ವಚ್ಛ ಜಾಗ ಉಳಿಯಿತು. ಆಮೇಲೆ ಅವರು ಬದುಕಿದ್ದ ವರ್ಷಗಳಲ್ಲಿ ನನ್ನನ್ನು ಊಟಕ್ಕೆ ಕರೆದರು, ಹಬ್ಬಕ್ಕೆ ಕರೆದರು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ನಾನು ಮಾತು ಶುರು ಮಾಡಿದರೆ ಮಾತ್ರ ಎದ್ದು ಒಳಗೆ ಹೋಗುತ್ತಿದ್ದರು.

ಹೆಂಡತಿ ಟ್ರಂಕು ತಂದು ಬಾಗಿಲಲ್ಲಿಟ್ಟಳು. ಮೊದಲೇ ತುಂಬಿಟ್ಟಿದ್ದಳೋ, ಆಗ ತುಂಬಿದಳೋ, ಕೇಳಲಿಲ್ಲ. ಓಣಿ ದಾಟುವಾಗ ಯಾರೂ ಚಳಿಯ ಬಗ್ಗೆ ಕೇಳಲಿಲ್ಲ. ಅವಳು ಸೆರಗು ಹೊದ್ದುಕೊಂಡು ನನಗಿಂತ ಮುಂದೆ ನಡೆದಳು.

ಬಸ್ಸಿನಲ್ಲಿ ಅವಳು ಮುಂದಿನ ಹೆಂಗಸರ ಸೀಟಿನಲ್ಲಿ ಕೂತಳು. ಹಿಂದೆ ನನ್ನ ಪಕ್ಕ ಜಾಗವಿತ್ತು. ಅದೇ ನನ್ನ ಗೆಳೆಯ ಕಂಡಕ್ಟರ್. “ಏನ್ಲೇ, ಹಡಗು ಇಳದು ಬಸ್ಸಿಗೆ ಬಂದೀ?” ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. ಬಸ್ಸು ನಕ್ಕಿತು. ಅವಳು ಹಿಂದಿರುಗಿ ನೋಡಲಿಲ್ಲ. ಒಂದೂವರೆ ತಾಸು ನಾನು ಅವಳ ಹೆರಳನ್ನು ನೋಡುತ್ತ ಕೂತೆ. ಫೋಟೋ ತೊಡೆಯ ಮೇಲಿತ್ತು. ಕಿಟಕಿಯ ಬಿಸಿಲು ಗಾಜಿನ ಮೇಲೆ ಬಿದ್ದು ಕೋಟು ಹಾಕಿದ ಮನುಷ್ಯ ಕಾಣುತ್ತಿರಲಿಲ್ಲ.

ರಾಯಚೂರಿನ ಬಸ್ ನಿಲ್ದಾಣದಲ್ಲಿ ಇಳಿದಾಗ ಟಾಂಗಾ ಕರೆಯಲು ಹೋದೆ. ಬೇಡವೆಂದು ಕೈಯಾಡಿಸಿ, ಟ್ರಂಕಿನ ಒಂದು ಹಿಡಿಕೆಯನ್ನು ಅವಳೇ ಹಿಡಿದಳು. ಇನ್ನೊಂದನ್ನು ನಾನು ಹಿಡಿದೆ. ನಾನು ಮೊದಲಿನಿಂದಲೂ ಅವಸರದ ನಡಿಗೆಯವನು. ನಾಲ್ಕು ಹೆಜ್ಜೆಗೆ ಟ್ರಂಕು ವಾಲಿ ಅವಳ ಮೊಣಕಾಲಿಗೆ ಬಡಿಯಿತು.

“ಸಾವಕಾಶ ನಡೀರಿ” ಎಂದಳು.

ಆ ದಿನ ಅವಳು ಆಡಿದ ಮಾತು ಅಷ್ಟೇ. ಸಾವಕಾಶ ನಡೆದೆ.